ದಾದಿಯರ ಲೈಸೆನ್ಸು ಪರೀಕ್ಷೆಯೂ ಮರುಪಾಠದ ತರಗತಿಗಳೂ: ಫಿಲಿಪೈನ್ಸ್ ದೇಶದ ನಿದರ್ಶನ (1919–2009)

1

ರಾಜವಂಶಗಳ ಏಳುಬೀಳು, ಭೂಕಂದಾಯದ ಪದ್ಧತಿ, ಆಡಳಿತದ ಸುಧಾರಣೆ ಮುಂತಾದ ವಿಷಯಗಳಿಗೆ ನಮ್ಮ ಇತಿಹಾಸದ ಅಧ್ಯಯನದಲ್ಲಿ ದೊರೆತಿರುವ ಸ್ಥಾನ ವೃತ್ತಿಗಳ ಚರಿತ್ರೆಗೆ ದೊರೆತಿಲ್ಲ. ವೃತ್ತಿಪ್ರವೇಶಕ್ಕಾಗಿ ಸರ್ಕಾರಗಳು ನಡೆಸುವ ಪರೀಕ್ಷೆಗಳ ಚರಿತ್ರೆಗಂತೂ ಅದು ಇನ್ನೂ ಕಡಿಮೆ. ಆದರೆ ರೋಗಿಯ ಹಾಸಿಗೆಯ ಬಳಿ ನಿಲ್ಲಲು ಯಾರು ಅರ್ಹರು, ಆ ಅರ್ಹತೆಯನ್ನು ತೀರ್ಮಾನಿಸುವ ಅಧಿಕಾರ ಯಾರದು, ತೀರ್ಮಾನಕ್ಕೆ ಆಧಾರ ಯಾವುದು, ಆ ಪರೀಕ್ಷೆಗೆ ಸಿದ್ಧರಾಗುವ ವೆಚ್ಚವನ್ನು ಹೊರುವವರು ಯಾರು, ಎಂಬ ಪ್ರಶ್ನೆಗಳು ಸಮಾಜದ ಇತಿಹಾಸಕ್ಕೆ ಸೇರಿದವುಗಳೇ ಆಗಿವೆ. ಈ ದೃಷ್ಟಿಯಿಂದ ಫಿಲಿಪೈನ್ಸ್ ದೇಶದ ದಾದಿಯರ ಲೈಸೆನ್ಸು ಪರೀಕ್ಷೆ ವಿಶೇಷ ಗಮನಕ್ಕೆ ಅರ್ಹವಾಗಿದೆ.

ಆ ದೇಶದಲ್ಲಿ ಪದವಿ ಪಡೆದ ಮೇಲೆ, ಪರೀಕ್ಷೆಗೆ ಕೂಡುವ ಮೊದಲು, ಅಭ್ಯರ್ಥಿಗಳು ಹಣ ತೆತ್ತು ಕೆಲವು ತಿಂಗಳ ಕಾಲ ಮರುಪಾಠ ಹೇಳಿಸಿಕೊಳ್ಳುವ ಪದ್ಧತಿ ಬಲವಾಗಿ ಬೇರೂರಿದೆ. ಅಂಥ ಪಾಠ ಹೇಳುವ ಸಂಸ್ಥೆಗಳನ್ನು ಅಲ್ಲಿ ‘ರಿವ್ಯೂ ಸೆಂಟರ್’ ಎಂದು ಕರೆಯುತ್ತಾರೆ. ಈ ಲೇಖನದಲ್ಲಿ ಅವುಗಳನ್ನು ಮರುಪಾಠ ಕೇಂದ್ರಗಳೆಂದು ಕರೆಯೋಣ. ಅಭ್ಯರ್ಥಿಗಳು ಈ ಕೇಂದ್ರಗಳಿಗೆ ಹೋಗಬೇಕೆಂದು ದಾದಿಯರ ಪರೀಕ್ಷೆಯನ್ನು ಸ್ಥಾಪಿಸಿದ ಕಾಯಿದೆಗಳು ಕೇಳುವುದಿಲ್ಲವೆಂಬುದು ಸ್ವಾರಸ್ಯಕರವಾದ ಸಂಗತಿ. ಕಾಯಿದೆ ಕೇಳದಿದ್ದುದು ರೂಢಿಯಲ್ಲಿ ಅನಿವಾರ್ಯವೆಂಬಂತೆ ಆದುದು ಹೇಗೆ? ಮರುಪಾಠದ ತರಗತಿಗೆ ಹೋಗದೆ ಸ್ವಂತ ಅಭ್ಯಾಸದಿಂದಲೇ ಈ ಪರೀಕ್ಷೆಯನ್ನು ಎದುರಿಸಲು ಸಾಧ್ಯವಿಲ್ಲವೆಂಬ ನಂಬಿಕೆಗೆ ಆಧಾರವೆಷ್ಟು? ಈ ಎರಡು ಪ್ರಶ್ನೆಗಳನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

2

ಫಿಲಿಪೈನ್ಸಿನ ಪರೀಕ್ಷೆಯನ್ನು ತಿಳಿಯಬೇಕಾದರೆ ಅದರ ಹಿಂದಿನ ಒಂದು ವಾದವನ್ನು ಮೊದಲು ತಿಳಿಯಬೇಕಾಗುತ್ತದೆ. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಫ್ಲಾರೆನ್ಸ್ ನೈಟಿಂಗೇಲರ ಹೆಸರಿನ ಶಿಕ್ಷಣಶಾಲೆ ಪ್ರಾರಂಭವಾದ ಮೇಲೆ ದಾದಿಯರ ಕೆಲಸ ಶಿಕ್ಷಣದಿಂದ ಪಡೆಯಬೇಕಾದ ವೃತ್ತಿಯೆಂಬ ಭಾವನೆ ಬೆಳೆಯಿತು. 1887ರಲ್ಲಿ ಎಥೆಲ್ ಬೆಡ್‌ಫರ್ಡ್ ಫೆನ್‌ವಿಕ್ ಅವರ ನೇತೃತ್ವದಲ್ಲಿ ಬ್ರಿಟಿಷ್ ದಾದಿಯರ ಸಂಘ ಹುಟ್ಟಿತು. ಶಿಕ್ಷಣ ಪಡೆದವರನ್ನು ಪರೀಕ್ಷಿಸಿ ಅವರ ಹೆಸರುಗಳನ್ನು ಒಂದು ಅಧಿಕೃತ ದಫ್ತರದಲ್ಲಿ ನೋಂದಾಯಿಸಬೇಕು ಎಂಬುದು ಅದರ ಬೇಡಿಕೆ. ಈ ಬೇಡಿಕೆಯನ್ನು ವಿರೋಧಿಸಿದವರಲ್ಲಿ ಸ್ವತಃ ನೈಟಿಂಗೇಲರೇ ಪ್ರಮುಖರು. ದಾದಿಯಲ್ಲಿ ಇರಬೇಕಾದ ಶೀಲ, ತಾಳ್ಮೆ, ಸೂಕ್ಷ್ಮ ನಿರೀಕ್ಷಣೆ ಇವು ಪ್ರಶ್ನೆಪತ್ರಿಕೆಯಿಂದ ಅಳೆಯುವ ವಸ್ತುಗಳಲ್ಲ ಎಂಬುದು ಅವರ ಅಭಿಪ್ರಾಯವಾಗಿತ್ತು. ತರಬೇತಿಯಿಲ್ಲದವರು ದಾದಿಯ ವೇಷದಲ್ಲಿ ಬಂದಾಗ ಜನರಿಗೆ ರಕ್ಷಣೆ ಯಾವುದು ಎಂಬುದು ಎದುರುಪಕ್ಷದ ಪ್ರಶ್ನೆ. ಎರಡೂ ಮಾತುಗಳಲ್ಲಿ ಸತ್ಯವಿದ್ದುದರಿಂದಲೇ ಈ ವಿವಾದ ಮೂವತ್ತು ವರ್ಷಗಳಿಗೂ ಮಿಕ್ಕಿ ನಡೆಯಿತು.

ಅಷ್ಟರಲ್ಲಿ ಇತರ ನಾಡುಗಳು ಮುಂದೆ ಹೋದವು. 1891ರಲ್ಲಿ ದಕ್ಷಿಣ ಆಫ್ರಿಕದ ಕೇಪ್ ವಸಾಹತು ದಾದಿಯರ ನೋಂದಣಿಗೆ ಕಾನೂನಿನ ಮಾನ್ಯತೆ ಕೊಟ್ಟಿತು. 1901ರಲ್ಲಿ ನ್ಯೂಜಿಲೆಂಡ್ ಇದಕ್ಕಾಗಿಯೇ ಪ್ರತ್ಯೇಕ ಕಾಯಿದೆಯನ್ನು ಮಾಡಿತು. 1903ರಲ್ಲಿ ಅಮೆರಿಕದ ಉತ್ತರ ಕ್ಯಾರೊಲಿನ ಸಂಸ್ಥಾನ ಮೊದಲ ಹೆಜ್ಜೆಯಿಡಲು, ನ್ಯೂಜೆರ್ಸಿ, ನ್ಯೂಯಾರ್ಕ್, ವರ್ಜೀನಿಯ ಸಂಸ್ಥಾನಗಳು ಅದೇ ವರ್ಷ ಅದನ್ನು ಅನುಸರಿಸಿದವು. ಇಂಗ್ಲೆಂಡಿನಲ್ಲಿ ಕಾಯಿದೆಯಾದುದು 1919ರ ಡಿಸೆಂಬರಿನಲ್ಲಿ; ಸರ್ಕಾರದ ಮೊದಲ ಪರೀಕ್ಷೆ ನಡೆದುದು 1925ರಲ್ಲಿ. ಹೀಗೆ ಪರೀಕ್ಷೆಯ ಪಕ್ಷ ಗೆದ್ದಿತು. ಆದರೆ ನೈಟಿಂಗೇಲರು ಎತ್ತಿದ ಆಕ್ಷೇಪಣೆಗೆ ಉತ್ತರ ದೊರೆತಿತೆಂದು ಹೇಳುವಂತಿಲ್ಲ. ಅದು ಮುಂದೆ ಬೇರೊಂದು ರೂಪದಲ್ಲಿ ತಲೆಯೆತ್ತಿದುದನ್ನು ಕಾಣಲಿದ್ದೇವೆ.

3

1898ರ ಪ್ಯಾರಿಸ್ ಒಪ್ಪಂದದಿಂದ ಫಿಲಿಪೈನ್ಸ್ ದ್ವೀಪಗಳು ಸ್ಪೇನಿನ ಕೈಯಿಂದ ಅಮೆರಿಕದ ಕೈಗೆ ಬಂದವು. ಹೊಸ ಆಡಳಿತದ ಕಾಲದಲ್ಲಿ, 1906ರಲ್ಲಿ ಇಲೊಯ್ಲೊ ಪಟ್ಟಣದ ಮಿಷನ್ ಆಸ್ಪತ್ರೆಯಲ್ಲಿಯೂ, ಮರುವರ್ಷ ಮನಿಲಾದಲ್ಲಿಯೂ ದಾದಿಯರ ಶಿಕ್ಷಣ ಅಮೆರಿಕದ ಮಾದರಿಯಲ್ಲಿ ಪ್ರಾರಂಭವಾಯಿತು. 1919ರ ಮಾರ್ಚಿನಲ್ಲಿ, ಇಂಗ್ಲೆಂಡಿನ ಕಾಯಿದೆಗಿಂತ ಕೆಲವು ತಿಂಗಳು ಮೊದಲೇ, 2808ನೆಯ ಕಾಯಿದೆಯು ದಾದಿಯರ ಪರೀಕ್ಷಾಮಂಡಲಿಯನ್ನು ಸ್ಥಾಪಿಸಿತು. 1920ರಲ್ಲಿ ಆ ಮಂಡಲಿ ನಡೆಸಿದ ಮೊದಲ ಪರೀಕ್ಷೆಗೆ 93 ಮಂದಿ ಕುಳಿತರು. 68 ಮಂದಿ ತೇರ್ಗಡೆಯಾದರು. ಮುಂದೆ 1953ರಲ್ಲಿ 877ನೆಯ ರಿಪಬ್ಲಿಕ್ ಕಾಯಿದೆಯೂ, 1991ರಲ್ಲಿ 7164ನೆಯದೂ, 2002ರಲ್ಲಿ 9173ನೆಯದೂ ಬಂದು ಹಳೆಯ ವ್ಯವಸ್ಥೆಯನ್ನು ತಿದ್ದಿದವು.

ಇವುಗಳಲ್ಲಿ ಕೊನೆಯದಾದ 2002ರ ಕಾಯಿದೆಯ ನಿಯಮಗಳನ್ನು ಸ್ವಲ್ಪ ವಿವರವಾಗಿ ನೋಡಬೇಕು. ಅಭ್ಯರ್ಥಿಯು ಮಾನ್ಯತೆ ಪಡೆದ ಕಾಲೇಜಿನ ಶುಶ್ರೂಷಾ ಪದವೀಧರನಾಗಿರಬೇಕು, ಸಚ್ಚಾರಿತ್ರ್ಯ ಉಳ್ಳವನಾಗಿರಬೇಕು ಎಂದು ಅದು ಹೇಳುತ್ತದೆ. ಪರೀಕ್ಷೆಯ ವ್ಯಾಪ್ತಿಯನ್ನು ನಿರ್ಣಯಿಸುವಾಗ ಮಂಡಲಿಯು ಕಾಲೇಜಿನ ಪಠ್ಯಕ್ರಮದ ಧ್ಯೇಯಗಳನ್ನೂ ಶುಶ್ರೂಷೆಯ ಮುಖ್ಯ ವಿಭಾಗಗಳನ್ನೂ ಗಮನದಲ್ಲಿಡಬೇಕು ಎನ್ನುತ್ತದೆ. ತೇರ್ಗಡೆಯಾಗಲು ಸರಾಸರಿ ನೂರಕ್ಕೆ 75 ಬರಬೇಕು. ಯಾವ ಒಂದು ವಿಷಯದಲ್ಲಿಯೂ 60ಕ್ಕೆ ಕಡಿಮೆಯಾಗಬಾರದು. ಸರಾಸರಿ ಬಂದೂ ಒಂದು ವಿಷಯದಲ್ಲಿ 60 ತಲುಪದವನು ಆ ವಿಷಯವನ್ನು ಮಾತ್ರ ಮತ್ತೆ ಬರೆದು, ಅದರಲ್ಲಿ 75 ಪಡೆಯಬೇಕು. ಶಾಸನಕರ್ತರ ಮನಸ್ಸಿನಲ್ಲಿದ್ದ ಚಿತ್ರ ಇದರಿಂದ ಸ್ಪಷ್ಟವಾಗುತ್ತದೆ. ಕಾಲೇಜು ಕಲಿಸುತ್ತದೆ, ಆಸ್ಪತ್ರೆಯ ವಾರ್ಡು ಪಳಗಿಸುತ್ತದೆ, ಮಂಡಲಿ ಪರೀಕ್ಷಿಸುತ್ತದೆ. ಈ ಮೂರರ ನಡುವೆ ನಾಲ್ಕನೆಯ ಸಂಸ್ಥೆಯೊಂದಕ್ಕೆ ಅವರು ಜಾಗವನ್ನೇ ಇಟ್ಟಿರಲಿಲ್ಲ. ಆದರೂ ಆ ನಾಲ್ಕನೆಯದು ಬಂದು ಸೇರಿತು.

4

ಇದಕ್ಕೆ ಕಾರಣಗಳನ್ನು ಹುಡುಕುವಾಗ ಮೊದಲು ಪರೀಕ್ಷೆಯ ರೂಪದಲ್ಲಿ ಆದ ಬದಲಾವಣೆಯನ್ನು ಪರಿಗಣಿಸಬೇಕು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಪ್ರತಿಯೊಂದು ಸಂಸ್ಥಾನವೂ ತನ್ನದೇ ಆದ ಪರೀಕ್ಷೆಯನ್ನು ನಡೆಸುತ್ತಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ದಾದಿಯರ ಬೇಡಿಕೆ ಒಮ್ಮೆಗೇ ಏರಿತು. 1943ರಲ್ಲಿ ಸರ್ಕಾರದ ಖರ್ಚಿನಲ್ಲಿ ದಾದಿಯರನ್ನು ತರಬೇತುಗೊಳಿಸುವ ವಿಶೇಷ ದಳವೂ ಸ್ಥಾಪಿತವಾಯಿತು. ಸಹಸ್ರಾರು ಉತ್ತರಪತ್ರಿಕೆಗಳನ್ನು ಬೇಗ ತಿದ್ದಬೇಕಾದ ಅಗತ್ಯದಿಂದ 1944ರಲ್ಲಿ ಹಲವು ಸಂಸ್ಥಾನಗಳು ಕೂಡಿ ಒಂದೇ ಪ್ರಶ್ನೆಸಂಗ್ರಹವನ್ನು ಬಳಸತೊಡಗಿದವು. ಇದರಲ್ಲಿ ಅಭ್ಯರ್ಥಿ ಪುಟಗಟ್ಟಲೆ ಬರೆಯಬೇಕಾಗಿರಲಿಲ್ಲ. ಕೊಟ್ಟ ಉತ್ತರಗಳಲ್ಲಿ ಸರಿಯಾದುದನ್ನು ಪೆನ್ಸಿಲಿನಿಂದ ಗುರುತಿಸಿದರಾಯಿತು, ಯಂತ್ರವೇ ಅಂಕಗಳನ್ನು ಎಣಿಸುತ್ತಿತ್ತು. ಅಮೆರಿಕದ ಶಿಕ್ಷಣಪರಂಪರೆಯನ್ನು ಅನುಸರಿಸಿದ ಫಿಲಿಪೈನ್ಸಿನಲ್ಲಿಯೂ ಕಾಲಕ್ರಮದಲ್ಲಿ ಇದೇ ರೂಪ ನೆಲೆಗೊಂಡಿತು. 2006ರ ವೇಳೆಗೆ ಅಲ್ಲಿನ ಪರೀಕ್ಷೆಯಲ್ಲಿ ಐದು ಪತ್ರಿಕೆಗಳಿದ್ದವು.

ಈ ರೂಪದಿಂದ ನಿಷ್ಪಕ್ಷಪಾತವಾದ ಮೌಲ್ಯಮಾಪನ ಸಾಧ್ಯವಾಯಿತೆಂಬುದನ್ನು ಅಲ್ಲಗಳೆಯಲಾಗದು. ಆದರೆ ಪ್ರಬಂಧರೂಪದ ಉತ್ತರವನ್ನು ಮಾರುವುದು ಕಷ್ಟ. ಬಿಡಿಬಿಡಿಯಾದ ಪ್ರಶ್ನೆಯನ್ನೂ ಅದರ ಉತ್ತರವನ್ನೂ ಮಾರುವುದು ಸುಲಭ. ಹಿಂದಿನ ಪರೀಕ್ಷೆಗಳಿಗೆ ಕುಳಿತವರ ನೆನಪಿನಿಂದ ಪ್ರಶ್ನೆಗಳನ್ನು ಕೂಡಿಸಿ, ಅವುಗಳನ್ನೇ ತಿರುವಿ ಹಾಕಿ ಅಭ್ಯಾಸ ಮಾಡಿಸುವ ವ್ಯಾಪಾರಕ್ಕೆ ಇದು ದಾರಿ ಮಾಡಿತು. ಮರುಪಾಠ ಕೇಂದ್ರಗಳಿಗೆ ಬೇಕಾದ ಸರಕನ್ನು ಒದಗಿಸಿದುದು ಪರೀಕ್ಷೆಯ ಈ ಹೊಸ ರೂಪವೇ ಎಂದು ಹೇಳಬಹುದಾಗಿದೆ.

ಎರಡನೆಯ ಕಾರಣ ವಲಸೆ. 1948ರಲ್ಲಿ ಪ್ರಾರಂಭವಾದ ಅಮೆರಿಕದ ವಿನಿಮಯ ಸಂದರ್ಶಕರ ಯೋಜನೆಯ ಮೂಲಕ ಫಿಲಿಪೈನ್ಸಿನ ದಾದಿಯರು ಸಾವಿರಗಟ್ಟಲೆಯಾಗಿ ಅಲ್ಲಿಗೆ ಹೋದರು. 1965ರ ವಲಸೆ ಕಾಯಿದೆ ಏಷ್ಯದವರಿಗಿದ್ದ ನಿರ್ಬಂಧಗಳನ್ನು ತೆಗೆದು ಅಲ್ಲಿಯೇ ನೆಲಸಲು ಅನುಕೂಲ ಕಲ್ಪಿಸಿತು. ಹೀಗೆ ಹೋದವರಲ್ಲಿ ಅನೇಕರು ಅಮೆರಿಕದ ಸಂಸ್ಥಾನಗಳ ಪರೀಕ್ಷೆಯಲ್ಲಿ ತೇರ್ಗಡೆಯಾಗದೆ, ಕಡಮೆ ಸಂಬಳದ ಸಹಾಯಕ ಹುದ್ದೆಗಳಲ್ಲಿ ಉಳಿಯಬೇಕಾಯಿತು. ಇದನ್ನು ತಪ್ಪಿಸಲು 1977ರಲ್ಲಿ ವಿದೇಶೀ ದಾದಿಯರ ಅರ್ಹತೆಯನ್ನು ಅವರು ಹೊರಡುವ ಮೊದಲೇ ಪರಿಶೀಲಿಸುವ ಆಯೋಗವೊಂದು ಅಮೆರಿಕದಲ್ಲಿ ಸ್ಥಾಪಿತವಾಯಿತು. ಅಂದಿನಿಂದ ಪರೀಕ್ಷೆಯೆಂಬುದು ಕೇವಲ ಒಂದು ವೃತ್ತಿಯ ಬಾಗಿಲಾಗಿ ಉಳಿಯದೆ, ಇಡೀ ಕುಟುಂಬದ ಆರ್ಥಿಕ ಭವಿಷ್ಯದ ಬಾಗಿಲಾಯಿತು. ಮಗಳನ್ನೋ ಮಗನನ್ನೋ ಓದಿಸಲು ಸಾಲ ಮಾಡಿದ ತಂದೆತಾಯಿಗಳು, ಕೊನೆಯ ಮೆಟ್ಟಿಲಿನಲ್ಲಿ ಇನ್ನಷ್ಟು ಹಣ ಸುರಿಯಲು ಹಿಂಜರಿಯದಿದ್ದುದು ಸಹಜವೇ ಆಗಿದೆ.

ಮೂರನೆಯದು ಕಾಲೇಜುಗಳ ಅತಿಯಾದ ಬೆಳವಣಿಗೆ. 2005ರ ಸುಮಾರಿಗೆ ಆ ದೇಶದಲ್ಲಿ ನಾನೂರಕ್ಕೂ ಹೆಚ್ಚು ಶುಶ್ರೂಷಾ ಕಾಲೇಜುಗಳಿದ್ದವು. ವೈದ್ಯಪದವಿ ಪಡೆದವರು ಕೂಡ ವಿದೇಶದ ಆಸೆಯಿಂದ ಮತ್ತೆ ವಿದ್ಯಾರ್ಥಿಗಳಾಗಿ ದಾದಿಯರ ಶಿಕ್ಷಣಕ್ಕೆ ಸೇರಿದರು. ಕಾಲೇಜುಗಳು ಬೆಳೆದ ವೇಗದಲ್ಲಿ ಆಸ್ಪತ್ರೆಗಳು ಬೆಳೆಯಲಿಲ್ಲ. ಆದುದರಿಂದ ರೋಗಿಗಳ ಬಳಿ ನಿಂತು ಕಲಿಯುವ ಅವಕಾಶ ಒಬ್ಬೊಬ್ಬ ವಿದ್ಯಾರ್ಥಿಗೂ ಕಡಮೆಯಾಯಿತು. 2000ದ ನಂತರದ ವರ್ಷಗಳಲ್ಲಿ ಎಷ್ಟೋ ಬಾರಿ ಪರೀಕ್ಷೆಗೆ ಕುಳಿತವರಲ್ಲಿ ಅರ್ಧದಷ್ಟು ಮಂದಿಯೂ ತೇರ್ಗಡೆಯಾಗಲಿಲ್ಲ. ವಾರ್ಡಿನಲ್ಲಿ ದೊರೆಯದಿದ್ದುದನ್ನು ಮರುಪಾಠದ ತರಗತಿಯಲ್ಲಿ ಕೊಂಡುಕೊಳ್ಳಬಹುದೆಂಬ ಆಸೆಗೆ ಇದು ಇಂಬುಕೊಟ್ಟಿತು.

5

ಈ ಮೂರು ಪ್ರವಾಹಗಳೂ ಒಂದೆಡೆ ಕೂಡಿದುದು 2006ರ ಜೂನ್ 11 ಮತ್ತು 12ರ ಪರೀಕ್ಷೆಯಲ್ಲಿ. ಆ ಬಾರಿ ಸುಮಾರು 42,000 ಅಭ್ಯರ್ಥಿಗಳು ಕುಳಿತಿದ್ದರು. ಐದು ಪತ್ರಿಕೆಗಳ ಪೈಕಿ ಎರಡರ ಪ್ರಶ್ನೆಗಳು ಕೆಲವು ಮರುಪಾಠ ಕೇಂದ್ರಗಳ ವಿದ್ಯಾರ್ಥಿಗಳ ಕೈಗೆ ಮುಂಚಿತವಾಗಿಯೇ, ಕೈಬರಹದ ಪ್ರತಿಗಳ ರೂಪದಲ್ಲಿ, ಬಂದಿದ್ದವೆಂದು ಕೆಲವು ಅಭ್ಯರ್ಥಿಗಳೇ ಅಧಿಕಾರಿಗಳಿಗೆ ಬರೆದು ತಿಳಿಸಿದರು. ಈ ದೂರು ಅಭ್ಯರ್ಥಿಗಳ ನಡುವಿನಿಂದಲೇ ಎದ್ದಿತೆಂಬುದನ್ನು ಮರೆಯಬಾರದು. ಪ್ರಶ್ನೆಗಳು ಬಯಲಾದುದನ್ನು ವೃತ್ತಿನಿಯಂತ್ರಣ ಆಯೋಗವು ಅನಂತರ ಒಪ್ಪಿಕೊಂಡಿತು. ಪರೀಕ್ಷಾಮಂಡಲಿಯ ಇಬ್ಬರು ಸದಸ್ಯರ ಕಡೆಗೆ ಅದರ ಜಾಡು ಹೋಯಿತು.

ಇದರ ಪರಿಣಾಮಗಳು ತಪ್ಪು ಮಾಡಿದವರಿಗಷ್ಟೇ ತಟ್ಟಲಿಲ್ಲ. ಆಗಸ್ಟಿನಲ್ಲಿ ಅಪೀಲು ನ್ಯಾಯಾಲಯವು ತೇರ್ಗಡೆಯಾದವರ ಪ್ರಮಾಣವಚನವನ್ನೇ ತಡೆಹಿಡಿಯಿತು. ಮಂಡಲಿಯು ಬಯಲಾದ ಪತ್ರಿಕೆಗಳ ಅಂಕಗಳನ್ನು ಬೇರೆ ರೀತಿಯಲ್ಲಿ ಲೆಕ್ಕಹಾಕಿದ್ದರಿಂದ ಮಾತ್ರ ತೇರ್ಗಡೆಯ ಪಟ್ಟಿಗೆ ಸೇರಿದ 1,687 ಮಂದಿ ಆ ಎರಡು ಪತ್ರಿಕೆಗಳನ್ನು ಮತ್ತೆ ಬರೆಯಬೇಕೆಂದು ಆ ನ್ಯಾಯಾಲಯ ಅಕ್ಟೋಬರಿನಲ್ಲಿ ತೀರ್ಪಿತ್ತಿತು. ವಿದೇಶೀ ದಾದಿಯರ ಅರ್ಹತೆಯನ್ನು ಪರಿಶೀಲಿಸುವ ಅಮೆರಿಕದ ಆಯೋಗ ಇನ್ನೂ ಕಠಿನವಾಗಿ ನಡೆದುಕೊಂಡಿತು. 2006ರ ಜೂನಿನಲ್ಲಿ ತೇರ್ಗಡೆಯಾದ ಯಾರೇ ಆಗಲಿ, ಆ ಎರಡು ಪತ್ರಿಕೆಗಳಿಗೆ ಸಮನಾದುದನ್ನು ಮತ್ತೆ ಬರೆದು ತೇರ್ಗಡೆಯಾಗದ ಹೊರತು ವೀಸಾಕ್ಕೆ ಬೇಕಾದ ಪ್ರಮಾಣಪತ್ರ ಕೊಡುವುದಿಲ್ಲವೆಂದು 2007ರ ಫೆಬ್ರುವರಿಯಲ್ಲಿ ಅದು ಸಾರಿತು. ಯಾವ ಮರುಪಾಠ ಕೇಂದ್ರದ ಹೊಸ್ತಿಲನ್ನೂ ತುಳಿಯದೆ, ತನ್ನ ಪುಸ್ತಕ, ತನ್ನ ಟಿಪ್ಪಣಿ, ತನ್ನ ವಾರ್ಡಿನ ಅನುಭವ ಇವುಗಳನ್ನೇ ನಂಬಿ ಓದಿ ತೇರ್ಗಡೆಯಾದವಳ ಪ್ರಮಾಣಪತ್ರಕ್ಕೂ ಇದೇ ಕಳಂಕ ಅಂಟಿತು. ಅಂಥವರು ಎಷ್ಟು ಮಂದಿಯೇ ಇರಲಿ, ಅವರಿಗಾದ ಅನ್ಯಾಯವೇ ಈ ಪ್ರಕರಣದ ತಿರುಳು ಎಂದು ನಮ್ಮ ಅಭಿಪ್ರಾಯ. ಪರೀಕ್ಷೆಯೊಂದರ ಮೇಲಿನ ನಂಬಿಕೆ ಸಾರ್ವಜನಿಕ ಸ್ವತ್ತು. ಕೆಲವರು ಅದನ್ನು ಕದ್ದರೆ ನಷ್ಟ ಎಲ್ಲರಿಗೂ ಆಗುತ್ತದೆ.

ಅಧ್ಯಕ್ಷೆ ಅರೋಯೊ ಅವರು 2006ರ ಸೆಪ್ಟೆಂಬರ್ 8ರಂದು 566ನೆಯ ಕಾರ್ಯಾಂಗ ಆಜ್ಞೆಯನ್ನು ಹೊರಡಿಸಿ ಎಲ್ಲ ಮರುಪಾಠ ಕೇಂದ್ರಗಳನ್ನೂ ಉಚ್ಚ ಶಿಕ್ಷಣ ಆಯೋಗದ ಹತೋಟಿಗೆ ತಂದರು. ಕೇಂದ್ರಗಳ ಸಂಘ ಇದನ್ನು ಪ್ರಶ್ನಿಸಿತು. 2009ರ ಏಪ್ರಿಲ್ 2ರಂದು ಸರ್ವೋಚ್ಚ ನ್ಯಾಯಾಲಯ ಆ ಆಜ್ಞೆಯನ್ನು ರದ್ದುಗೊಳಿಸಿತು. ಉಚ್ಚ ಶಿಕ್ಷಣ ಆಯೋಗದ ಅಧಿಕಾರ 1994ರ ಕಾಯಿದೆಯ ಪ್ರಕಾರ ಪದವಿ ಕೊಡುವ ಸಂಸ್ಥೆಗಳ ಮೇಲೆ ಮಾತ್ರ. ಮರುಪಾಠ ಕೇಂದ್ರ ಅಂಥ ಸಂಸ್ಥೆಯಲ್ಲ. ಶಾಸನಸಭೆ ಕೊಡದ ಅಧಿಕಾರವನ್ನು ಅಧ್ಯಕ್ಷರ ಆಜ್ಞೆ ಕೊಡಲಾರದು, ಎಂಬುದು ತೀರ್ಪಿನ ಸಾರ. ಹೀಗೆ ಕೇಂದ್ರಗಳ ಸಂಘಕ್ಕೆ ಜಯ ದೊರೆಯಿತಾದರೂ, ಆ ಜಯಕ್ಕೆ ಆಧಾರವಾದ ಮಾತು ವಿಚಾರಾರ್ಹವಾಗಿದೆ. ಕೇಂದ್ರಗಳು ಉಚ್ಚ ಶಿಕ್ಷಣದ ಸಂಸ್ಥೆಗಳಲ್ಲ ಎಂಬುದನ್ನು ದೇಶದ ಅತ್ಯುಚ್ಚ ನ್ಯಾಯಾಲಯವೇ ಹೇಳಿದಂತಾಯಿತು.

6

ಇನ್ನು ಎರಡನೆಯ ಪ್ರಶ್ನೆಗೆ ಬರೋಣ. ಸ್ವಂತ ಸಿದ್ಧತೆ ಸಾಧ್ಯವೇ? ಇದಕ್ಕೆ ಪರೀಕ್ಷೆಯ ಸ್ವರೂಪವೇ ಉತ್ತರ ಕೊಡಬೇಕು.

ಅಮೆರಿಕದಲ್ಲಿ 1982ರ ಜುಲೈಯಿಂದ ಹಳೆಯ ಪರೀಕ್ಷೆಯ ಸ್ಥಾನದಲ್ಲಿ ‘ಎನ್‌ಕ್ಲೆಕ್ಸ್’ ಎಂಬ ಹೊಸ ಪರೀಕ್ಷೆ ಬಂದಿತು. ಔಷಧಚಿಕಿತ್ಸೆ, ಶಸ್ತ್ರಚಿಕಿತ್ಸೆ, ಪ್ರಸೂತಿ, ಮಕ್ಕಳ ಶುಶ್ರೂಷೆ, ಮನೋರೋಗ ಎಂಬ ಐದು ಬೇರೆ ಬೇರೆ ವಿಷಯಗಳ ವಿಂಗಡಣೆ ಹೋಗಿ, ರೋಗಿಯ ಅಗತ್ಯವೇನು, ದಾದಿ ಮೊದಲು ಏನನ್ನು ಗಮನಿಸಬೇಕು, ಏನು ಮಾಡಬೇಕು, ಮಾಡಿದುದರ ಫಲವನ್ನು ಹೇಗೆ ಅರಿಯಬೇಕು ಎಂಬ ಕ್ರಮದಲ್ಲಿ ಪ್ರಶ್ನೆಗಳು ಹೆಣೆಯಲ್ಪಟ್ಟವು. 1994ರಲ್ಲಿ ಪರೀಕ್ಷೆ ಗಣಕಯಂತ್ರಕ್ಕೆ ಹೋಯಿತು. ಸರಿಯುತ್ತರ ಕೊಟ್ಟವನಿಗೆ ಇನ್ನೂ ಕಠಿನವಾದ ಪ್ರಶ್ನೆ, ತಪ್ಪಿದವನಿಗೆ ಸ್ವಲ್ಪ ಸುಲಭವಾದ ಪ್ರಶ್ನೆ, ಹೀಗೆ ಯಂತ್ರವು ಒಬ್ಬೊಬ್ಬನಿಗೂ ಬೇರೆ ಬೇರೆ ಪ್ರಶ್ನಾವಳಿಯನ್ನು ಆರಿಸುತ್ತದೆ. ಅಭ್ಯರ್ಥಿಯ ಸಾಮರ್ಥ್ಯ ಗೊತ್ತುಪಡಿಸಿದ ಮಟ್ಟಕ್ಕಿಂತ ಮೇಲೋ ಕೆಳಗೋ ಎಂಬುದು ನೂರಕ್ಕೆ 95ರಷ್ಟು ಖಚಿತವಾದೊಡನೆ ಪರೀಕ್ಷೆ ನಿಲ್ಲುತ್ತದೆ. 2023ರ ಏಪ್ರಿಲಿನ ಸುಧಾರಣೆಯಲ್ಲಿ ಪ್ರಶ್ನೆಗಳ ಸಂಖ್ಯೆಯನ್ನು ಕನಿಷ್ಠ 85, ಗರಿಷ್ಠ 150 ಎಂದು ನಿಗದಿ ಮಾಡಿ, ಒಂದೇ ರೋಗಿಯ ವೃತ್ತಾಂತವನ್ನು ಹಂತಹಂತವಾಗಿ ಅನುಸರಿಸುವ ಪ್ರಶ್ನೆಗಳನ್ನು ಸೇರಿಸಲಾಯಿತು. ಇಂಥ ಪರೀಕ್ಷೆಯಲ್ಲಿ ಕದ್ದ ಪ್ರಶ್ನೆಗೆ ಬೆಲೆ ಕಡಮೆ, ಕಂಠಪಾಠಕ್ಕೂ ಕಡಮೆ. ಯಾವ ವಿಷಯದಿಂದ ಎಷ್ಟು ಪಾಲು ಪ್ರಶ್ನೆಗಳು ಬರುತ್ತವೆಂಬ ಯೋಜನೆಯನ್ನು ಪರೀಕ್ಷೆ ನಡೆಸುವ ಸಂಸ್ಥೆಯೇ ಬಹಿರಂಗವಾಗಿ, ಶುಲ್ಕವಿಲ್ಲದೆ ಪ್ರಕಟಿಸುತ್ತದೆ.

ಆದುದರಿಂದ ಸ್ವಂತವಾಗಿ ಓದುವವನಿಗೆ ಬೇಕಾದ ಸಾಮಗ್ರಿ ಗುಟ್ಟಾದುದೇನೂ ಅಲ್ಲ. ಪ್ರಕಟಿತ ಯೋಜನೆ, ಕಾಲೇಜಿನಲ್ಲಿ ಬಳಸಿದ ಪಠ್ಯಗ್ರಂಥಗಳು, ವಾರ್ಡಿನಲ್ಲಿ ಬರೆದಿಟ್ಟ ಟಿಪ್ಪಣಿಗಳು, ಅಭ್ಯಾಸಕ್ಕಾಗಿ ಅಚ್ಚಾದ ಪ್ರಶ್ನೆಗಳು, ಇಷ್ಟೇ. ಪ್ರಶ್ನೆಗಳನ್ನು ಬಿಡಿಸುವುದರ ಪ್ರಯೋಜನ ಉತ್ತರವನ್ನು ನೆನಪಿಡುವುದರಲ್ಲಿಲ್ಲ. ತಪ್ಪಿದ ಉತ್ತರ ಏಕೆ ತಪ್ಪೆಂಬುದನ್ನು ಗ್ರಂಥದಲ್ಲಿ ಹುಡುಕಿ ತಿಳಿಯುವುದರಲ್ಲಿದೆ. ನಾಲ್ವರು ರೋಗಿಗಳಲ್ಲಿ ಮೊದಲು ಯಾರ ಬಳಿ ಹೋಗಬೇಕು ಎಂಬ ಪ್ರಶ್ನೆಗೆ ಉಸಿರಾಟ, ರಕ್ತಪರಿಚಲನೆ ಇವುಗಳಿಗೆ ಅಪಾಯವಿರುವವನ ಬಳಿಗೆ ಎಂಬ ತತ್ತ್ವ ತಿಳಿದಿದ್ದರೆ, ರೋಗದ ಹೆಸರುಗಳು ಬದಲಾದರೂ ಉತ್ತರ ದೊರೆಯುತ್ತದೆ. 1,000 ಮಿಲಿಲೀಟರ್ ದ್ರವವನ್ನು 8 ಗಂಟೆಗಳಲ್ಲಿ, ಮಿಲಿಲೀಟರಿಗೆ 15 ಹನಿ ಬೀಳುವ ನಳಿಗೆಯ ಮೂಲಕ ಕೊಡಬೇಕಾದರೆ ನಿಮಿಷಕ್ಕೆ ಎಷ್ಟು ಹನಿ ಎಂಬ ಲೆಕ್ಕವನ್ನು ನೋಡೋಣ. ಒಟ್ಟು 15,000 ಹನಿಗಳನ್ನು 480 ನಿಮಿಷಗಳಿಗೆ ಹಂಚಿದರೆ ನಿಮಿಷಕ್ಕೆ ಸುಮಾರು 31. ರೀತಿಯನ್ನು ಅರಿತವನಿಗೆ ಯಾವ ಅಂಕಿಗಳನ್ನು ಕೊಟ್ಟರೂ ಒಂದೇ. ಫಿಲಿಪೈನ್ಸಿನ ಕಾಯಿದೆಯ 75 ಮತ್ತು 60ರ ನಿಯಮವೂ ಓದುವ ಕ್ರಮವನ್ನು ಸೂಚಿಸುತ್ತದೆ. ಬಲವಾದ ವಿಷಯದಲ್ಲಿ ಇನ್ನೂ ಹತ್ತು ಅಂಕ ಗಳಿಸುವುದಕ್ಕಿಂತ, ದುರ್ಬಲವಾದ ವಿಷಯವನ್ನು 60ರ ಮೇಲಕ್ಕೆ ಎತ್ತುವುದು ಮೊದಲ ಕರ್ತವ್ಯ.

ಹೀಗೆನ್ನುವುದರಿಂದ ಮರುಪಾಠದ ತರಗತಿಗಳೆಲ್ಲ ವ್ಯರ್ಥವೆಂದು ಹೇಳಿದಂತಾಗುವುದಿಲ್ಲ. ಕಾಲೇಜಿನಲ್ಲಿ ಸರಿಯಾದ ಪಾಠ ದೊರೆಯದವರಿಗೆ ಅವು ಎರಡನೆಯ ಅವಕಾಶ ಒದಗಿಸಿವೆ. ವರ್ಷಗಳ ಹಿಂದೆ ಪದವಿ ಪಡೆದು, ಮನೆವಾರ್ತೆಯಲ್ಲಿ ಓದು ಮರೆತವರಿಗೆ ವೇಳಾಪಟ್ಟಿಯನ್ನೂ ಜೊತೆಗಾರರನ್ನೂ ಕೊಟ್ಟಿವೆ. ಒಬ್ಬನೇ ಕುಳಿತು ಓದುವವನಿಗೆ ಇರುವ ದೊಡ್ಡ ತೊಡಕು ತನ್ನ ತಪ್ಪು ತನಗೆ ಕಾಣದಿರುವುದು. ಇಬ್ಬರು ಮೂವರು ಸಹಪಾಠಿಗಳು ಕೂಡಿ ಪರಸ್ಪರ ಪ್ರಶ್ನಿಸಿಕೊಳ್ಳುವುದರಿಂದಲೂ, ಹಿರಿಯ ದಾದಿಯೊಬ್ಬರ ಸಲಹೆಯಿಂದಲೂ ಈ ತೊಡಕು ಬಹುಮಟ್ಟಿಗೆ ನಿವಾರಣೆಯಾಗಬಲ್ಲುದು. ಆದರೆ ವಾರ್ಡಿನ ಅನುಭವವಿಲ್ಲದ ಅಭ್ಯರ್ಥಿಗೆ ಅದನ್ನು ತುಂಬಿಕೊಡುವ ಶಕ್ತಿ ತರಗತಿಗೂ ಇಲ್ಲ, ಪುಸ್ತಕಕ್ಕೂ ಇಲ್ಲ. ನೈಟಿಂಗೇಲರ ಹಳೆಯ ಆಕ್ಷೇಪಣೆ ಇಲ್ಲಿ ಮತ್ತೆ ನಮ್ಮೆದುರು ನಿಲ್ಲುತ್ತದೆ.

7

ಈ ಚರಿತ್ರೆ ನಮ್ಮ ನಾಡಿಗೆ ತೀರ ಹೊರಗಿನದೇನಲ್ಲ. ಭಾರತದಲ್ಲಿ 1947ರ ಕಾಯಿದೆಯಿಂದ ಅಖಿಲ ಭಾರತದ ಶುಶ್ರೂಷಾ ಪರಿಷತ್ತು ಸ್ಥಾಪಿತವಾಯಿತು. 1961ರ ಕಾಯಿದೆಯಿಂದ ಅಂದಿನ ಮೈಸೂರು ರಾಜ್ಯದಲ್ಲಿ ದಾದಿಯರ, ಸೂಲಗಿತ್ತಿಯರ ಮತ್ತು ಆರೋಗ್ಯ ಸಂದರ್ಶಕಿಯರ ನೋಂದಣಿಯ ವ್ಯವಸ್ಥೆ ಏರ್ಪಟ್ಟಿತು. ಈ ವ್ಯವಸ್ಥೆಯಲ್ಲಿ ವಿಶ್ವವಿದ್ಯಾನಿಲಯದ ಅಥವಾ ಮಂಡಲಿಯ ಅಂತಿಮ ಪರೀಕ್ಷೆಯಲ್ಲಿ ತೇರ್ಗಡೆಯಾದವರು ನೋಂದಣಿಗೆ ಅರ್ಹರಾದರು. ಪದವಿಯ ನಂತರ ಬೇರೊಂದು ಲೈಸೆನ್ಸು ಪರೀಕ್ಷೆ ಅವರ ದಾರಿಯಲ್ಲಿ ಇರಲಿಲ್ಲ. ಆದುದರಿಂದ ನಮ್ಮ ದಾದಿಯರು ಅಂಥ ಪರೀಕ್ಷೆಯನ್ನು ಮೊದಲು ಎದುರಿಸಿದುದು ಪರದೇಶಕ್ಕೆ ಹೊರಟಾಗಲೇ. 2006ರಲ್ಲಿ ಅಮೆರಿಕದ ಪರೀಕ್ಷೆಯ ಕೇಂದ್ರಗಳು ಭಾರತದಲ್ಲಿ ತೆರೆದಾಗ ಅವುಗಳಲ್ಲಿ ಬೆಂಗಳೂರೂ ಒಂದಾಗಿತ್ತು. ಫಿಲಿಪೈನ್ಸಿನಲ್ಲಿ ಪ್ರಶ್ನೆಪತ್ರಿಕೆ ಬಯಲಾದುದೂ, ನಮ್ಮ ನಗರದಲ್ಲಿ ಆ ಪರೀಕ್ಷೆಯ ಬಾಗಿಲು ತೆರೆದುದೂ ಒಂದೇ ವರ್ಷ ಎಂಬುದು ಕಾಕತಾಳೀಯವಾದರೂ, ಮೊದಲನೆಯದರ ಪಾಠ ಎರಡನೆಯದಕ್ಕೆ ಅನ್ವಯಿಸದೆ ಇರದು.

ಮೇಲಿನ ಪರಿಶೀಲನೆಯಿಂದ ಕೆಲವು ನಿರ್ಣಯಗಳಿಗೆ ಬರಬಹುದು. ಮೊದಲನೆಯದಾಗಿ, ಮರುಪಾಠದ ತರಗತಿ ಅನಿವಾರ್ಯವೆಂಬ ನಂಬಿಕೆ ಕಾಯಿದೆಯಿಂದ ಹುಟ್ಟಿದುದಲ್ಲ. ಪರೀಕ್ಷೆಯ ಹೊಸ ರೂಪ, ವಲಸೆಯ ಆಕರ್ಷಣೆ, ಕಾಲೇಜುಗಳ ಅತಿವೃದ್ಧಿ ಎಂಬ ಮೂರು ಐತಿಹಾಸಿಕ ಕಾರಣಗಳಿಂದ ಹುಟ್ಟಿದುದು. ಎರಡನೆಯದಾಗಿ, ಕಾಲೇಜು ತನ್ನ ಕೆಲಸವನ್ನು ಅರ್ಧಕ್ಕೆ ಬಿಟ್ಟಾಗ ಉಳಿದ ಅರ್ಧವನ್ನು ಯಾರಾದರೂ ಮಾರಲು ಬರುತ್ತಾರೆ. ಅದರ ಬೆಲೆಯನ್ನು ತೆರುವವರು ಬಡ ಮನೆಗಳವರು. ಮೂರನೆಯದಾಗಿ, ಪರೀಕ್ಷೆಯು ಬಾಯಿಪಾಠವನ್ನು ಬಿಟ್ಟು ವಿವೇಚನೆಯನ್ನು ಅಳೆಯುವ ಕಡೆಗೆ ಸರಿದಷ್ಟೂ ಸ್ವಂತವಾಗಿ ಓದುವವರಿಗೆ ಅನುಕೂಲವೇ ಆಗಿದೆ. ಶುಶ್ರೂಷಾ ಶಿಕ್ಷಣವನ್ನು ಸುಧಾರಿಸುವ ಹೊಣೆ ಹೊತ್ತವರು ವಿದ್ಯಾರ್ಥಿಗೆ ಪದವಿಯೊಡನೆ ವಾರ್ಡಿನ ಅನುಭವವನ್ನೂ, ಗುರುವಿಲ್ಲದೆ ಓದಬಲ್ಲ ಶಕ್ತಿಯನ್ನೂ ಕೊಟ್ಟು ಕಳುಹಿಸಿದರೆ, ಪರೀಕ್ಷೆಯ ಮುನ್ನಾ ತಿಂಗಳುಗಳಲ್ಲಿ ಆಕೆ ಸಾಲ ಮಾಡಿ ಮತ್ತೊಂದು ಬಾಗಿಲನ್ನು ತಟ್ಟಬೇಕಾದ ಸಂದರ್ಭ ವಿರಳವಾದೀತು.